ಸುಮ್ಮನಿದ್ದರೆ ಹೊರಗೆ

ಮಾರ್ಚ್ ೩, ಸೋಮವಾರ

ಇವತ್ತು ನನಗೆ ಕೆಲಸ ಸಿಕ್ಕಿತು. ಈ ವಯಸ್ಸಿನಲ್ಲಿ, ಅದೂ ಕೆಡಿಸುವ ಕೆಲಸ. ಸಂಬಳವಿಲ್ಲ, ಕಾಫಿ ಉಂಟು.

ಕೆಲಸ ಕೊಟ್ಟವಳು ಸೊಸೆ. ಊಟದ ಮೇಜಿನ ಒಂದು ತುದಿ ಅವಳ ಆಫೀಸು. ತಟ್ಟೆ ಇಡಬೇಕಾದರೂ ಅವಳ ಅನುಮತಿ ಬೇಕು. ನಮ್ಮ ಸರ್ಕಾರ ಮಾತು ಕಲಿಯಲು ಹೋಗುವ ಚಿಕಿತ್ಸಾ ಕೇಂದ್ರಕ್ಕೆ ಅವಳೊಂದು ವೆಬ್‌ಸೈಟ್ ಮಾಡಿಕೊಡುತ್ತಿದ್ದಾಳೆ. ಪರದೆ ಮೇಲೆ ಪಟ ಬರುತ್ತದೆ, ಕೆಳಗೆ ಅದರ ಹೆಸರು ಟೈಪ್ ಮಾಡಬೇಕು. ಮನೆಯಲ್ಲೂ ಮಾಡಬಹುದು, ಕೇಂದ್ರದಲ್ಲೂ ಮಾಡಬಹುದು. ಯಾರು ಎಷ್ಟು ಮಾಡಿದರು ಎಂಬುದು ಅಲ್ಲಿನ ಡಾಕ್ಟ್ರಮ್ಮನಿಗೆ ಕಾಣುತ್ತದೆ.

"ಮಾವ, ಹೊಸದಾಗಿ ಮಾಡಿದ್ದನ್ನ ಯಾರಾದ್ರೂ ಕೆಡಿಸಿ ನೋಡ್ಬೇಕು. ಈ ಮನೇಲಿ ಆ ವಿದ್ಯೆ ಬರೋದು ನಿಮಗೊಬ್ರಿಗೇ."

"ಸಕ್ಕರೆ ಡಬ್ಬಕ್ಕೆ ಉಪ್ಪು ತುಂಬಿದ್ದು ಇನ್ನೂ ಮರ್ತಿಲ್ವಾ ನೀನು?"

"ನಾನು ಈ ಮನೆಗೆ ಬಂದ ಮಾರನೇ ದಿನ ಮಾವ ಅದು. ಹೇಗೆ ಮರೀಲಿ?"

ಸರ್ಕಾರ ಅಂದರೆ ನನ್ನ ಹೆಂಡತಿ. ಮದುವೆಯಾದಂದಿನಿಂದ ಆಡಳಿತ ಅವಳದೇ, ನಾನು ಸದಾ ವಿರೋಧ ಪಕ್ಷ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ತಲೆಯೊಳಗೆ ಒಂದು ರಕ್ತನಾಳ ಮುನಿಸಿಕೊಂಡಿತು. ಬಲಗೈ ಅರ್ಧ ಹೋಯಿತು, ಮಾತು ಮುಕ್ಕಾಲು ಹೋಯಿತು. ಬುದ್ಧಿ ಪೂರ್ತಿ ಇದೆ. ನಾನು ಕದ್ದು ಬಿಸ್ಕತ್ತು ತಿಂದರೆ ಈಗಲೂ ಕಣ್ಣಲ್ಲೇ ಹಿಡಿಯುತ್ತಾಳೆ. ಪದ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತದೆ, ಅಷ್ಟೇ. ಕೆಲಸದಲ್ಲಿದ್ದಾಗ ಟೈಪಿಸ್ಟ್ ಆಗಿದ್ದಳು. ಹಾಗಾಗಿ ಎಡಗೈ ಬೆರಳುಗಳಿಗೆ ಅಕ್ಷರದ ಮನೆಗಳು ಇನ್ನೂ ನೆನಪಿವೆ.

ಕೇಂದ್ರದಲ್ಲಿ ಮಾತಿನ ಗುಂಪು ಅಂತ ಒಂದಿದೆ. ಇವಳಂಥವರು ವೃತ್ತವಾಗಿ ಕೂತು ಪದ ಹುಡುಕುತ್ತಾರೆ. ಅಲ್ಲಿಂದ ಬಂದ ದಿನ ಇವಳ ಮುಖ ತೊಳೆದಿಟ್ಟ ಲೋಟದಂತೆ ಹೊಳೆಯುತ್ತದೆ. ಆದರೆ ಕುರ್ಚಿ ಕಡಿಮೆ, ಕಾಯುವವರು ಜಾಸ್ತಿ. ತಿಂಗಳ ಕೊನೆಗೆ ಡಾಕ್ಟ್ರಮ್ಮ ಪರೀಕ್ಷೆ ಮಾಡುತ್ತಾರಂತೆ. ಸುಧಾರಿಸುತ್ತಿರುವವರು ಗುಂಪಿನಲ್ಲಿ ಉಳಿಯುತ್ತಾರೆ. ಮಿಕ್ಕವರು ಮನೆಗೆ, ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕು.

ಇವತ್ತು ಅವರು ಇವಳನ್ನು "ಹೇಗಿದೀರಮ್ಮ?" ಅಂತ ಕೇಳಿದರು. ಇವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ: ಚೆನ್ನಾಗಿದ್ದಾಳೆ, ನಿದ್ದೆ ಪರವಾಗಿಲ್ಲ, ಬೆಳಿಗ್ಗೆ ಬ್ರೆಡ್ ತಿಂದಳು, ನನ್ನ ಪಾಲಿನದ್ದೂ. ಎಲ್ಲರೂ ನಕ್ಕರು. ಪಾಪ, ಅವಳಿಗೆ ಯಾಕೆ ಶ್ರಮ.

ಮಾರ್ಚ್ ೫, ಬುಧವಾರ

ಮೊದಲ ಬೇಟೆ!

ಲಾಗಿನ್ ಅಂದರೆ ಲಾಗ ಹಾಕಿ ಒಳಗೆ ಬೀಳುವುದು, ಲಾಗೌಟ್ ಅಂದರೆ ಲಾಗ ಹಾಕಿ ಹೊರಗೆ ಬೀಳುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸೊಸೆ ಬೇರೆ ಥರ ಹೇಳುತ್ತಾಳೆ.

"ಸೈಕಲ್ ಸ್ಟ್ಯಾಂಡಲ್ಲಿ ಬಿಲ್ಲೆ ಕೊಡ್ತಾರಲ್ಲ, ಹಾಗೆ ಮಾವ. ಹೆಸರು, ಗುಟ್ಟಿನ ಪದ ಹೇಳಿ ಒಳಗೆ ಬಂದ್ರೆ ನಿಮ್ಮ ಕೈಗೊಂದು ಬಿಲ್ಲೆ. ಆಮೇಲೆ ನೀವು ಪ್ರತಿ ಸಲ ಏನು ಕೇಳಿದ್ರೂ ಅದು ಬಿಲ್ಲೆ ನೋಡಿ, ಓ ಇವ್ರಾ ಅನ್ನತ್ತೆ. ಹೊರಗೆ ಹೋದ್ರೆ ಬಿಲ್ಲೆ ವಾಪಸ್. ಬಂದು ಹೋಗೋ ತನಕದ ಆ ಅವಧೀನೇ ಸೆಷನ್."

"ಸೆಷನ್ಸ್ ಕೋರ್ಟ್ ಇದ್ದ ಹಾಗೆ."

"ಇಲ್ಲಿ ಅಪರಾಧಿ ಯಾರು ಅಂತ ಮೊದಲೇ ಗೊತ್ತು."

ನಾನು ಒಳಗೆ ಹೋದೆ, ಹೊರಗೆ ಬಂದೆ. "ನೀವು ಹೊರಗೆ ಬಂದಿದ್ದೀರಿ, ಧನ್ಯವಾದ" ಎಂದು ಬಂತು. ಹಿಂದಕ್ಕೆ ಹೋಗುವ ಬಾಣದ ಗುರುತು ಒತ್ತಿದೆ. ನನ್ನ ಪುಟ ಹಾಗೇ ಇತ್ತು! ಒಂದು ಪಟಕ್ಕೆ ಹೆಸರನ್ನೂ ಬರೆದೆ. ತಕರಾರಿಲ್ಲದೆ ತೆಗೆದುಕೊಂಡಿತು.

ಸೊಸೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ, ಬಿಲ್ಲೆ ವಾಪಸ್ ತಗೊಂಡೆ ಅಂತ ಬಾಯಲ್ಲಿ ಹೇಳಿದೀನಿ, ತಗೊಂಡೇ ಇಲ್ಲ! ಕೇಂದ್ರದಲ್ಲಿ ಎಲ್ರಿಗೂ ಒಂದೇ ಕಂಪ್ಯೂಟರ್. ಒಬ್ರು ಎದ್ದು ಹೋದ್ಮೇಲೆ ಇನ್ನೊಬ್ರು ಬಾಣ ಒತ್ತಿದ್ರೆ ಅವರದ್ದೆಲ್ಲ ಕಾಣತ್ತೆ."

ಮಧ್ಯಾಹ್ನದೊಳಗೆ ಸರಿ ಮಾಡಿದಳು. ಈಗ ಹೊರಗೆ ಬಂದ ಕ್ಷಣವೇ ಆ ಬಿಲ್ಲೆಯ ನಂಬರನ್ನು ಯಂತ್ರವೇ ಹೊಡೆದುಹಾಕುತ್ತದೆ. ಬಾಣ ಒತ್ತಿದರೆ ಲಾಗಿನ್ ಬಾಗಿಲು ಮಾತ್ರ. ಸೊಸೆ ಎಂದರೆ ಸೋಸುವವಳು ಎಂದು ಸುಮ್ಮನೆ ಹೇಳಿಲ್ಲ. ಯಾರು ಹೇಳಿದ್ದು? ನಾನೇ, ಈಗ.

ಸರ್ಕಾರಕ್ಕೆ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ನಕ್ಕಳು. ಎಡಗಡೆ ತುಟಿ ಪೂರ್ತಿ, ಬಲಗಡೆ ಅರ್ಧ. ಒಂದೂವರೆ ನಗು.

ಮಾರ್ಚ್ ೧೧, ಮಂಗಳವಾರ

ಸರ್ಕಾರವೂ ಆಟ ಶುರು ಮಾಡಿತು. ಊಟದ ಮೇಜಿನ ಇನ್ನೊಂದು ತುದಿಗೆ ಹಳೆಯ ಲ್ಯಾಪ್‌ಟಾಪ್ ಹಾಕಿಕೊಟ್ಟಿದ್ದೇವೆ. ಅವಳ ಹೆಸರು, ಗುಟ್ಟಿನ ಪದ ಹಾಕಿ ಒಳಗೆ ಕಳಿಸುವುದು ನನ್ನ ಕೆಲಸ.

ಲೋಟದ ಪಟ. ಬರೆದಳು. ಬಾಗಿಲು. ಬರೆದಳು, ದೀರ್ಘ ತಪ್ಪಿ "ಬಗಿಲು" ಆಯಿತು. ಆಮೇಲೆ ಬಾಚಣಿಗೆ. ಅದನ್ನು ನೋಡುತ್ತಾ ಕೂತಳು. ತಲೆ ಮುಟ್ಟಿಕೊಂಡಳು, ಅಂದರೆ ಗೊತ್ತಿದೆ. ತುಟಿ ಕೂಡಿಸಿದಳು, ಬಿಟ್ಟಳು. ಬೆರಳು "ಬ"ದ ಕಡೆ ಹೊರಟಿತು, ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. "ನಿಮ್ಮ ಅವಧಿ ಮುಗಿದಿದೆ. ಮತ್ತೆ ಲಾಗಿನ್ ಆಗಿ."

ಮತ್ತೆ ಕಳಿಸಿದೆ. ಮತ್ತೆ ಲೋಟದಿಂದ. ಕನ್ನಡಿಯ ಪಟದ ಹತ್ತಿರ ಹೋಗುವಾಗ ಮತ್ತೆ ಹೊರಗೆ. ಹೀಗೆ ನಾಲ್ಕಾರು ಸಲ.

"ಎರಡು ನಿಮಿಷ ಯಾರೂ ಏನೂ ಮುಟ್ಟದಿದ್ರೆ ತಾನೇ ಲಾಗೌಟ್ ಆಗತ್ತೆ ಮಾವ. ತೆರೆದಿಟ್ಟು ಎದ್ದು ಹೋಗ್ಬಿಡ್ತಾರಲ್ಲ ಜನ, ಅದಕ್ಕೆ. ನೀವೇ ತಾನೇ ಹೆದರಿಸಿದ್ದು?"

ಹೌದು, ನ್ಯಾಯ. ನನ್ನ ಕಸುಬಿನದೇ ನ್ಯಾಯ. ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗಿಯೇ ಬದುಕಿದವನು ನಾನು. ಒಂದು ಸಲ, ಎರಡು ಸಲ, ಮೂರು ಸಲ! ಸುಮ್ಮನಿದ್ದವನಿಗೆ ಮೂಟೆ ಇಲ್ಲ. ಮೌನ ಬಂತೆಂದರೆ ಸುತ್ತಿಗೆ ಬಡಿಯುವುದೇ.

ಡಾಕ್ಟ್ರಮ್ಮ ಫೋನ್ ಮಾಡಿದ್ದರು. "ಅಮ್ಮ ಶುರು ಮಾಡಿ ಶುರು ಮಾಡಿ ಅರ್ಧಕ್ಕೆ ಬಿಡ್ತಿದಾರೆ, ಬೇಜಾರಾಗಿದೆಯಾ ಅವರಿಗೆ?"

"ಬೇಜಾರು ಅವಳ ಜಾತಕದಲ್ಲೇ ಇಲ್ಲ," ಅಂದೆ. ಫೋನ್ ಇಟ್ಟು, ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಎಣಿಸಿದೆ. ಆ ಕುರ್ಚಿ ಹೋದರೆ ಇವಳು ಎಲ್ಲಿ ಹೊಳೆಯಬೇಕು?

ಮಾರ್ಚ್ ೧೩, ಗುರುವಾರ

ಉಪಾಯ ಹೊಳೆದಿದೆ. ಬರೆದರೆ ದೃಷ್ಟಿ ತಾಗೀತು, ಆದರೂ ಬರೆಯುತ್ತೇನೆ. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂರುವುದು. ಪೇಪರಿನ ಕೆಳಗೆ ಮೌಸು. ಅವಳು ಯೋಚಿಸುವಾಗ ನಾನು ಮೌಸನ್ನು ಅತ್ತಿತ್ತ ಚೂರು ಅಲ್ಲಾಡಿಸುವುದು. ಯಂತ್ರಕ್ಕೆ ಜನ ಇದ್ದಾರೆ ಅನ್ನಿಸುತ್ತದೆ, ಹೊರಗೆ ಹಾಕುವುದಿಲ್ಲ. ಇವಳ ಮೌನಕ್ಕೆ ನನ್ನ ಮೌಸು!

ಸೊಸೆಗೆ ಹೇಳಲಿಲ್ಲ. ಕೀಟಲೆಯ ಮೊದಲ ನಿಯಮ ಅದು.

ಕೆಲಸ ಮಾಡಿತು. ಬಾಚಣಿಗೆ ಬಂತು. ಪೂರ್ತಿ ಬಂತು!

ಮಾರ್ಚ್ ೧೭, ಸೋಮವಾರ

ಎಲ್ಲ ಸೊಗಸಾಗಿ ನಡೆದಿದೆ. ಕೈ ಹೇಗೂ ಅಲ್ಲೇ ಇರುತ್ತದಲ್ಲ, ಹಾಗಾಗಿ ನಿನ್ನೆಯಿಂದ ಮೊದಲ ಅಕ್ಷರವನ್ನೂ ನಾನೇ ಒತ್ತಿಕೊಡುತ್ತಿದ್ದೇನೆ. ಒಂದೇ ಅಕ್ಷರ. ತೀರಾ ಕಷ್ಟವಾದರೆ ಎರಡು. ಯಂತ್ರವೇ ಸುಳಿವು ಕೊಡುತ್ತಿದೆ ಎಂದುಕೊಂಡಿದ್ದಾಳೆ. ಚಕ್ರಕ್ಕೆ ಒಂದು ನೂಕು ಕೊಟ್ಟರೆ ಉರುಳಿಕೊಂಡು ಹೋಗುತ್ತದೆ. ಇವತ್ತು ಗಡಿಯಾರಕ್ಕೆ ಬಹುಶಃ "ಗಡಿಯಾ" ತನಕ ನೂಕಿದೆ. "ರ" ಅವಳದೇ.

ಡಾಕ್ಟ್ರಮ್ಮನಿಗೆ ಭಾರಿ ಖುಷಿ. "ಒಂದೇ ವಾರದಲ್ಲಿ ಎಷ್ಟು ಬದಲಾವಣೆ!" ಎಂದರು. ಇವಳು ಏನೋ ಹೇಳಲು ಹೊರಟಳು. "ಎಲ್ಲ ನಿಮ್ಮ ದಯೆ ಅಂತಿದಾಳೆ," ಅಂದೆ ನಾನು.

ದಾರಿಯುದ್ದಕ್ಕೂ ಇವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಯಾಸ ಇರಬೇಕು.

ಮಾರ್ಚ್ ೨೦, ಗುರುವಾರ

ಛತ್ರಿಯ ಪಟ ಬಂದಿತ್ತು. ಇವಳು ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ನಾನು ಮೆಲ್ಲಗೆ "ಛ" ಒತ್ತಿದೆ. ಕಣ್ಣು ಬಿಟ್ಟು ನೋಡಿದರೆ ಅಕ್ಷರ ತಾನಾಗಿ ಬಂದು ಕೂತಿದೆ! ಪರದೆ ನೋಡಿದಳು. ಪೇಪರ್ ನೋಡಿದಳು. ಪೇಪರ್ ಎತ್ತಿದಳು. ನನ್ನ ಕೈ ನೋಡಿದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳದ ಪದವೂ ಸಿಗಲಿಲ್ಲ ಅವಳಿಗೆ. ನಾನು ಅಭ್ಯಾಸಬಲದಿಂದ "ಕಳ್ಳ? ಪೋಕರಿ? ಮುಠ್ಠಾಳ?" ಅಂತ ಒಂದೊಂದೇ ಎತ್ತಿಕೊಟ್ಟೆ. ಲ್ಯಾಪ್‌ಟಾಪಿನ ಮುಚ್ಚಳವನ್ನು ನನ್ನ ಬೆರಳಿನ ಮೇಲೆಯೇ, ನೋವಾಗದ ಹಾಗೆ, ಮುಚ್ಚಿ ಎದ್ದು ಹೋದಳು.

ಮಾರ್ಚ್ ೨೧, ಶುಕ್ರವಾರ

ಸರ್ಕಾರ ಕಂಪ್ಯೂಟರ್ ಮುಟ್ಟಲಿಲ್ಲ.

ಮಾರ್ಚ್ ೨೩, ಭಾನುವಾರ

ಇವತ್ತೂ ಇಲ್ಲ. ಗುಂಪಿಗೂ ಹೋಗಲ್ಲವಂತೆ, ತಲೆ ಅಲ್ಲಾಡಿಸಿದಳು. ನಾನು ಟೋಪಿ ಉಲ್ಟಾ ಹಾಕಿಕೊಂಡು ಬಂದೆ. ನಗಲಿಲ್ಲ. ಮನೆಯಲ್ಲಿ ಹರಾಜು ನಿಂತ ಮಾರುಕಟ್ಟೆಯ ಹಾಗೆ ಆಗಿದೆ.

ಮಾರ್ಚ್ ೨೪, ಸೋಮವಾರ

ಸೊಸೆ ಬೀನ್ಸ್ ಬಿಡಿಸುತ್ತಾ ಕೇಳಿದಳು. "ಮಾವ, ಅತ್ತೆ ದಿನಾ ಅಷ್ಟು ಚೆನ್ನಾಗಿ ಮಾಡ್ತಿದ್ರು. ಇದ್ದಕ್ಕಿದ್ದ ಹಾಗೆ ಯಾಕೆ ನಿಲ್ಲಿಸಿದ್ರು?"

"ನನಗೇನು ಗೊತ್ತು? ನಾನು ಮೌಸ್ ಮುಟ್ಟೇ ಇಲ್ಲ."

"ಮೌಸಿನ ವಿಷ್ಯ ಯಾರು ತೆಗೆದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಲ್ಲ ಹೇಳಿದೆ. ಪೇಪರು, ಮೌಸು, ಮೊದಲಕ್ಷರ, ಗಡಿಯಾ.

ಬಯ್ಯುತ್ತಾಳೆ ಎಂದುಕೊಂಡೆ. ಅವಳು ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮೌಸ್ ಯಾಕೆ ಅಲ್ಲಾಡಿಸ್ಬೇಕಾಯ್ತು ಮಾವ?"

"ಹೊರಗೆ ಹಾಕ್ತಿತ್ತಲ್ಲಮ್ಮ. ಇವಳು ಪದ ಹುಡುಕ್ತಾ ಇರ್ತಾಳೆ, ನಿನ್ನ ಯಂತ್ರ ಮೂರು ಸಲ ಅಂದು ಸುತ್ತಿಗೆ ಬಡಿಯತ್ತೆ."

"ಏನೂ ಮುಟ್ತಾ ಇಲ್ಲ ಅಂದ್ರೆ ಯಾರೂ ಇಲ್ಲ ಅಂತ ಬರೆದಿದ್ದೆ ನಾನು." ಅವಳ ದನಿ ಸಣ್ಣಗಾಯಿತು. "ಪದ ಸಿಗದೇ ಇರೋರಿಗೆ ಅಂತಲೇ ಮಾಡಿದ್ದು. ಅವರು ಸುಮ್ನೆ ಕೂತಿರ್ತಾರೆ ಅನ್ನೋದೇ ನನಗೆ ಹೊಳೀಲಿಲ್ಲ ನೋಡಿ."

"ಅಳಬೇಡ ಮಾರಾಯ್ತಿ. ನಿನ್ನ ಯಂತ್ರ ಎರಡು ನಿಮಿಷ ಆದ್ರೂ ಕಾಯ್ತಿತ್ತು."

ಅವಳು ನನ್ನನ್ನು ಯಾಕೆ ಹಾಗೆ ನೋಡಿದಳೋ ಗೊತ್ತಾಗಲಿಲ್ಲ. ಬೀನ್ಸ್ ಇಬ್ಬರೂ ಸೇರಿ ಬಿಡಿಸಿದೆವು.

ಡಾಕ್ಟ್ರಮ್ಮನಿಗೆ ಅವಳೇ ಫೋನ್ ಮಾಡಿ ಹೇಳಿದಳು. ಈವರೆಗಿನದು ಯಾವುದೂ ಲೆಕ್ಕಕ್ಕಿಲ್ಲವಂತೆ. ಪರೀಕ್ಷೆಯ ದಿನ ಅವರ ಎದುರಿಗೇ ಹೊಸದಾಗಿ ಮಾಡಬೇಕು. ಆ ಒಂದು ಸಲ ಏನಾಗುತ್ತದೋ ಅದೇ ತೀರ್ಪು.

ನನ್ನ ಕೈಯಿಂದ ಇವಳ ಕುರ್ಚಿ ಹೋಗುತ್ತದೆ. ಇದಕ್ಕೆ ಯಾವ ಶ್ಲೇಷೆಯೂ ಹೊಳೆಯುತ್ತಿಲ್ಲ.

ಮಾರ್ಚ್ ೨೬, ಬುಧವಾರ

ಸೊಸೆ ಎರಡು ದಿನ ಮೇಜು ಬಿಟ್ಟು ಏಳಲಿಲ್ಲ. ಮಗ ಪಾಳಿ ಮುಗಿಸಿ ಬಂದು ತಟ್ಟೆ ಹಿಡಿದುಕೊಂಡು ನಿಂತೇ ಉಂಡ.

ಈಗ ಹೀಗೆ: ತುಂಬಾ ಹೊತ್ತು ಯಾರೂ ಏನೂ ಮುಟ್ಟದಿದ್ದರೆ ಪರದೆ "ಇದ್ದೀರಾ?" ಎಂದು ಕೇಳುತ್ತದೆ. ಕೆಳಗೆ ಅಂಗೈಯಷ್ಟು ದೊಡ್ಡ ಗುಂಡಿ, "ಇದ್ದೇನೆ". ಒತ್ತಿದರೆ ಸಾಕು, ಎಲ್ಲಿದ್ದಿರೋ ಅಲ್ಲೇ ಇರುತ್ತೀರಿ, ಬರೆದದ್ದು ಬರೆದಂತೆ. ನಿಜವಾಗಿಯೂ ಎದ್ದು ಹೋದವರು ಮಾತ್ರ ಹೊರಗೆ. ಮತ್ತೆ ಬಂದರೂ ಲೋಟದಿಂದ ಶುರು ಮಾಡಬೇಕಿಲ್ಲ.

ಇನ್ನೊಂದು. ಇವಳ ಹಳೆಯ ಗುಟ್ಟಿನ ಪದ ನನಗೆ ಗೊತ್ತಿತ್ತಲ್ಲ, ಅದನ್ನು ಸೊಸೆ ರದ್ದು ಮಾಡಿದಳು. ಇವಳ ಮುಂದೆ ಮಂಡಿಯೂರಿ ಕೂತು ಹೇಳಿದಳು:

"ಅತ್ತೆ, ಹೊಸ ಪದ ನೀವೇ ಇಟ್ಕೊಳ್ಳಿ. ಯಾವುದಾದ್ರೂ ಆಗತ್ತೆ. ನನಗೂ ಹೇಳ್ಬೇಡಿ. ಮಾವಂಗಂತೂ ಹೇಳ್ಲೇಬೇಡಿ."

"ಅವಳು ಮರೆತ್ರೆ?" ಎಂದೆ.

ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ನಾನು ಹೋಗಿ ಸಿಂಕಿನ ಮುಂದೆ ನಿಂತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಪದವೇ ಸಿಗದ ಹೆಂಗಸು ಒಂದು ಪದವನ್ನು ಆರಿಸಿ, ನೆನಪಿಟ್ಟು, ಒತ್ತಬೇಕು. ಕೂಗಿ ಹತ್ತು ಪದ ಕೊಡೋಣ ಎಂದು ಬಾಯಿ ಕಡಿಯುತ್ತಿತ್ತು. ಕೊಡಲಿಲ್ಲ. ಬಾಯಿಗೆ ನೀರು ತುಂಬಿಕೊಂಡು ನಿಂತೆ.

ಬಹಳ ಹೊತ್ತಾದ ಮೇಲೆ ಸೊಸೆ "ಮಾವ, ಬನ್ನಿ," ಎಂದಳು. ಇವಳು ಒಳಗೆ ಹೋಗಿದ್ದಳು. ತಾನಾಗಿ.

ಯಾವ ಪದ ಇರಬಹುದು?

ಮಾರ್ಚ್ ೨೮, ಶುಕ್ರವಾರ

ಕೇಳಲಿಲ್ಲ. ಯೋಚನೆ ಮಾತ್ರ ಮಾಡಿದೆ.

ಮಾರ್ಚ್ ೩೧, ಸೋಮವಾರ

ಕೂತು ಉದ್ದಕ್ಕೆ ಬರೆಯುತ್ತೇನೆ, ಒಂದು ಚೂರೂ ತಪ್ಪಿಹೋಗಬಾರದು.

ಕೇಂದ್ರದ ಸಣ್ಣ ಕೋಣೆ. ಮೇಜು, ಕಂಪ್ಯೂಟರ್, ಎದುರಿಗೆ ಸರ್ಕಾರ, ಪಕ್ಕದಲ್ಲಿ ಡಾಕ್ಟ್ರಮ್ಮ. ನನಗೂ ಸೊಸೆಗೂ ಹಿಂದೆ ಗೋಡೆಯ ಹತ್ತಿರ ಕುರ್ಚಿ. ಡಾಕ್ಟ್ರಮ್ಮ ನನಗೆ ಪ್ರತ್ಯೇಕವಾಗಿ ಹೇಳಿದರು: "ಯಜಮಾನ್ರೇ, ನೀವು ಇರಬಹುದು. ನಿಮ್ಮ ದನಿ ಇರಬಾರದು."

ಇವಳು ಹೆಸರು ಹಾಕಿದಳು. ಗುಟ್ಟಿನ ಪದ ಹಾಕಿದಳು. ತಪ್ಪು ಎಂದಿತು. ನನ್ನ ಪ್ರಾಣ ಹೋಯಿತು. ಮತ್ತೆ ಹಾಕಿದಳು. ಬಾಗಿಲು ತೆರೆಯಿತು.

ಬಟ್ಟಲು. ಸರಿ. ಏಣಿಗೆ "ಮೆಟ್ಟಿಲು" ಎಂದು ಬರೆದಳು. ಡಾಕ್ಟ್ರಮ್ಮ ತಲೆ ಅತ್ತಿತ್ತ ತೂಗಿದರು, ಅಂದರೆ ಅರ್ಧ ಅಂಕ. ಕತ್ತರಿಗೆ ಬಂದು ನಿಂತಳು. ನಿಂತೇ ಇದ್ದಳು. ಪರದೆ "ಇದ್ದೀರಾ?" ಎಂದಿತು. ಎಡ ಅಂಗೈ ಇಟ್ಟು "ಇದ್ದೇನೆ" ಒತ್ತಿದಳು. ಸೊಸೆಯ ಉಗುರು ನನ್ನ ತೋಳಿನೊಳಗೆ ಇಳಿದಿತ್ತು. ಕತ್ತರಿ ಬಂತು, ಒತ್ತಕ್ಷರ ಸಮೇತ.

ಆಮೇಲೆ ಕೋತಿಯ ಪಟ. ಇವಳು ಟೈಪ್ ಮಾಡಿದಳು: "ಯಜಮಾನರು".

ಡಾಕ್ಟ್ರಮ್ಮನ ಪೆನ್ನು ನಿಂತಿತು. ಮುಂದಿನದು ಕುರ್ಚಿ. "ಕುರ್ಚಿ" ಎಂದೇ ಬರೆದಳು. ಅದರ ಮುಂದಿನದು ಕತ್ತೆ. ನಿಧಾನವಾಗಿ, ಒಂದೊಂದೇ ಅಕ್ಷರ: "ಯಜಮಾನರು".

ಡಾಕ್ಟ್ರಮ್ಮ ನಮ್ಮ ಕಡೆ ತಿರುಗಿ ಪಿಸುಗುಟ್ಟಿದರು. "ಒಂದೇ ಪದಕ್ಕೆ ಸಿಕ್ಕಿಹಾಕ್ಕೊಳ್ತಿದಾರೆ. ಬಂದ ಪದವೇ ಮತ್ತೆ ಮತ್ತೆ ಬರತ್ತೆ. ಇದು ಒಳ್ಳೇ ಲಕ್ಷಣ ಅಲ್ಲ." ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು.

ಆದರೆ ನಾನು ಇವಳ ಬೆನ್ನು ನೋಡುತ್ತಿದ್ದೆ. ಜೀವಮಾನವೆಲ್ಲ ಕೀಟಲೆ ಮಾಡಿದವನಿಗೆ ಕೀಟಲೆಯ ಬೆನ್ನು ಹೇಗಿರುತ್ತದೆ ಎಂದು ಗೊತ್ತು. ತುಂಬಾ ನೆಟ್ಟಗಿರುತ್ತದೆ, ಬಲಿಪಶುವಿನ ಕಡೆ ತಪ್ಪಿಯೂ ತಿರುಗುವುದಿಲ್ಲ, ಕಿವಿಯ ಹಿಂದೆ ಸ್ವಲ್ಪ ಕೆಂಪಾಗಿರುತ್ತದೆ. ಕೂಗಿಬಿಡಬೇಕು ಎನ್ನಿಸಿತು: ಸಿಕ್ಕಿಹಾಕಿಕೊಂಡಿಲ್ಲ ತಾಯಿ, ನನ್ನನ್ನು ಸಿಕ್ಕಿಸುತ್ತಿದ್ದಾಳೆ! ಬಾಯಿ ತೆರೆದೆ. ಮುಚ್ಚಿದೆ. ಜೋಕು ಅವಳದು. ಅರ್ಧಕ್ಕೆ ನುಗ್ಗಿ ಬೇರೆಯವರ ಜೋಕು ಕೆಡಿಸುವಷ್ಟು ನೀಚ ನಾನಲ್ಲ.

"ಅಮ್ಮಾ, ಇನ್ನೊಂದ್ಸಲ ಪಟ ನೋಡಿ. ಏನಿದು?" ಎಂದರು ಡಾಕ್ಟ್ರಮ್ಮ.

ಸದ್ದಿಲ್ಲ. ಗೋಡೆಯಾಚೆ ಯಾರೋ ಕುರ್ಚಿ ಎಳೆದರು. ಪರದೆ ಕೇಳಿತು: ಇದ್ದೀರಾ? ಇವಳು ಒತ್ತಿದಳು. ಮತ್ತೆ ಸದ್ದಿಲ್ಲ.

"ಕ," ಎಂದಳು ಇವಳು. "ಕ... ಕತ್ತೆ."

ಆಮೇಲೆ ಎಡಗೈ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ, ನೇರ ನನ್ನ ಮೂಗಿಗೆ ಗುರಿಯಿಟ್ಟು ತೋರಿಸಿದಳು.

"ಎರಡೂ... ಒಂದೇ."

ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೊಸೆ ನಗುತ್ತಾ ನಗುತ್ತಾ ಅತ್ತೆಯ ಬೆನ್ನಿಗೆ ಹಣೆ ಒತ್ತಿ ನಿಂತಳು. ನಾನು ನಕ್ಕೆ ಎಂದುಕೊಂಡಿದ್ದೇನೆ, ಅಂಗಿ ತೋಳು ಮಾತ್ರ ಒದ್ದೆಯಾಗಿತ್ತು.

"ಜೋಕ್ ಮಾಡ್ಬೇಕಾದ್ರೆ ಸರಿಯಾದ ಪದ ಒಂದು ಕೈಯಲ್ಲಿ, ತಪ್ಪು ಪದ ಇನ್ನೊಂದು ಕೈಯಲ್ಲಿ ಹಿಡ್ಕೊಂಡಿರಬೇಕು," ಎಂದರು ಡಾಕ್ಟ್ರಮ್ಮ. "ಈ ಅಮ್ಮ ಗುಂಪಲ್ಲಿ ಇರ್ತಾರೆ. ನಾಡಿದ್ದು ಬನ್ನಿ." ನನ್ನ ಕಡೆ ನೋಡಿ, "ಪಟಗಳಿಗೆ ಮಾದರಿ ಬೇಕಾದ್ರೆ ಹೇಳಿ ಕಳಿಸ್ತೀನಿ," ಎಂದು ಸೇರಿಸಿದರು.

ಇವಳು ತಾನೇ ಲಾಗೌಟ್ ಒತ್ತಿ ಎದ್ದಳು.

ಏಪ್ರಿಲ್ ೨, ಬುಧವಾರ

ಗುಂಪಿಗೆ ಹೋಗುವ ಬಸ್ಸು. ಸೊಸೆಗೆ ಕೆಲಸವಿತ್ತು, ನಾವಿಬ್ಬರೇ. ಇವಳು ನನ್ನ ಮೊಣಕೈ ಮುಟ್ಟಿ, "ಅದು... ಅದು," ಎಂದಳು. ಮುಖ ಕಿವುಚಿಕೊಂಡು ಹುಡುಕಿದಳು. ಎದುರಿಗೆ ಕೂತಿದ್ದ ಹೆಂಗಸು ನನ್ನನ್ನು ನೋಡಿದಳು, ನೀನಾದರೂ ಹೇಳಬಾರದೇ ಎಂಬಂತೆ. ನಾನು ಅವಳಿಗೆ ಒಂದು ನಗು ಕೊಟ್ಟು ಸುಮ್ಮನಾದೆ.

ಔಷಧಿ ಅಂಗಡಿ ಹೋಯಿತು. ಪೋಸ್ಟ್ ಆಫೀಸು ಹೋಯಿತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಹೊರಟಿತು. ಮುಂದಿನ ಸೀಟಿನ ಮಗು ನಿದ್ದೆ ಹೋಯಿತು.

"ಸೆಖೆ," ಎಂದಳು ಇವಳು.

ಕಿಟಕಿ ಸರಿಸಿದೆ. ಗಾಳಿ ಚೆನ್ನಾಗಿತ್ತು.